ಹೆಣದ ಪಡೆಗೆ ಒಂದು ಥೀಮ್ ಹೇಳಿ, 60 ಜನ ಕಾಯ್ತಾ ಇದ್ದಾರೆ

ಮಳೆಗಾಲದ_ಡೈಸ್ (ಮಡಿಕೇರಿ)
ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಅಟ್ಟದ ಮೇಲಿದ್ದ ಪೆಟ್ಟಿಗೆಯನ್ನು ಮೊನ್ನೆ ಕೆಳಗಿಳಿಸಿದೆ. ಒಳಗೆ 40 ಅಸ್ಥಿಪಂಜರ, 20 ಜಾಂಬಿ, ಒಬ್ಬ ಮಾಂತ್ರಿಕ. ಎಲ್ಲ ಮೇಜಿನ ಮೇಲೆ ಯುದ್ಧದಾಟ ಆಡುವ, 28 ಮಿಲಿಮೀಟರ್ ಅಳತೆಯ ಗೊಂಬೆಗಳು. ಅರ್ಧದಷ್ಟು ಇನ್ನೂ ಸ್ಪ್ರೂನಿಂದ (ಬಿಡಿಭಾಗ ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಕತ್ತರಿಸಿಯೇ ಇಲ್ಲ. ಡಿಸೆಂಬರ್‌ನಲ್ಲಿ ಮೈಸೂರಿನಿಂದ ಇಬ್ಬರು ಗೆಳೆಯರು ಬರುತ್ತಾರೆ, ನಮ್ಮ ಮನೆ ಮಹಡಿಯಲ್ಲಿ ಕಿಂಗ್ಸ್ ಆಫ್ ವಾರ್ ಅನ್ನೋ ಯುದ್ಧದಾಟ ಆಡೋಣ ಅಂತ ಮಾತಾಗಿದೆ. ಒಬ್ಬನದು ಡ್ವಾರ್ಫ್, ಇನ್ನೊಬ್ಬನದು ಎಲ್ಫ್, ನನ್ನದು ಹೆಣ.

ಕಷ್ಟ ಏನೆಂದರೆ ಬ್ರಷ್ ಹಿಡಿದು ಕೂತರೆ ಕೈ ಓಡುತ್ತಿಲ್ಲ. ಬಿಳಿ ಎಲುಬು, ತುಕ್ಕು ಕತ್ತಿ, ಕಪ್ಪು ಬಟ್ಟೆ, ಹಸಿರು ಕಣ್ಣು. ಎಲ್ಲರ ಮನೆಯಲ್ಲೂ ಅದೇ ಪಡೆ. ಇದರಲ್ಲಿ ಸ್ವಲ್ಪ ನಮ್ಮೂರಿನ ವಾಸನೆ ಇರಬೇಕು ಅಂತ ಆಸೆ. ಇಲ್ಲಿವರೆಗೆ ತಲೆಗೆ ಬಂದಿದ್ದು ಮೂರು. ಗದ್ದುಗೆಯಿಂದ (ಮಡಿಕೇರಿಯ ಅರಸರ ಸಮಾಧಿ) ಎದ್ದು ಬರುವ ಅರಸನ ಪಡೆ. ಇಲ್ಲಾಂದ್ರೆ ಮಳೆಯಲ್ಲಿ ಕೊಚ್ಚಿಹೋಗಿ ಕೆಸರಿನಿಂದ ಎದ್ದವರು. ಅದೂ ಬೇಡ ಅಂದ್ರೆ ಕೊಡವರ ಕುಪ್ಯ ಚೇಲೆ (ನಿಲುವಂಗಿ, ನಡುಪಟ್ಟಿ) ತೊಟ್ಟು, ಸೊಂಟಕ್ಕೆ ಪೀಚೆಕತ್ತಿ ಅನ್ನೋ ಚಿಕ್ಕ ಕಠಾರಿ ಸಿಕ್ಕಿಸಿಕೊಂಡ ಅಸ್ಥಿಪಂಜರಗಳು. ಯಾವುದು ಚೆನ್ನಾಗಿರುತ್ತೆ?

ತುಕ್ಕುಕತ್ತಿ
ಹಸಿರು ಕಣ್ಣಿಗೆ ಏನಾಗಿದೆ ಮಾರಾಯ? ನನ್ನ 80ಕ್ಕೂ ಹಸಿರು ಕಣ್ಣೇ.

ಗೋಣಿಕೊಪ್ಪದ_ಅಕ್ಕ
ಮೂರನೇದು ಬೇಡ ತಮ್ಮ. ಸಿಟ್ಟಿನಿಂದ ಹೇಳ್ತಿಲ್ಲ. ಕುಪ್ಯ ಚೇಲೆ ನಮಗೆ ಫ್ಯಾನ್ಸಿ ಡ್ರೆಸ್ ಅಲ್ಲ, ಮದುವೆಗೂ ಪುತ್ತರಿ ಸುಗ್ಗಿ ಹಬ್ಬಕ್ಕೂ ಇವತ್ತಿಗೂ ತೊಡುವ ಉಡುಪು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಮ್ಮಲ್ಲಿ ತೀರಿಕೊಂಡ ಹಿರಿಯರು ದೆವ್ವ ಆಗುವುದಿಲ್ಲ, ಕಾರೋಣ ಆಗುತ್ತಾರೆ, ಅಂದರೆ ಪೂಜೆಗೊಳ್ಳುವ ಪೂರ್ವಜರು. ಅವರಿಗೆ ಕೈಮಡ ಅನ್ನೋ ಗುಡಿ ಇದೆ, ದೀಪ ಇದೆ, ಮೀದಿ ಅಂತ ಎಡೆ ಇಡ್ತೀವಿ. ಅವರನ್ನು ತಂದು ಮಾಂತ್ರಿಕನೊಬ್ಬ ಕುಣಿಸುವ ಗೊಂಬೆ ಮಾಡಿದರೆ ನಮ್ಮ ಮನೆಯಲ್ಲಂತೂ ಯಾರೂ ನಗುವುದಿಲ್ಲ.

ಮಳೆಗಾಲದ_ಡೈಸ್
ಅಕ್ಕ, ತಪ್ಪಾಯ್ತು. ಕತ್ತಿ ಚೆನ್ನಾಗಿ ಕಾಣುತ್ತೆ ಅನ್ನೋದು ಬಿಟ್ಟು ಬೇರೆ ಯೋಚನೆಯೇ ಮಾಡಿರಲಿಲ್ಲ. ಅದನ್ನು ಕೈಬಿಟ್ಟೆ.

ಮಕ್ಕಂದೂರು_ಕಡೆಯವ
ಎರಡನೇದೂ ಬಿಡು. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡ ಜಾರಿದಾಗ ನಾನು ಊರಲ್ಲೇ ಇದ್ದೆ. ಕೆಸರಿನಿಂದ ಎದ್ದು ಬರುವ ಹೆಣ ನನಗೆ ಆಟ ಅಲ್ಲ.

ಮಳೆಗಾಲದ_ಡೈಸ್
ಬಿಟ್ಟೆ ಅಣ್ಣ. ಕ್ಷಮಿಸಿ.

ಎಲುಬುಗೊಬ್ಬರ (ಸುಂಟಿಕೊಪ್ಪ)
ಹಾಗಾದ್ರೆ ಗದ್ದುಗೆನೇ ಉಳೀತು. ಚೆನ್ನಾಗಿಯೇ ಇದೆ. ವಾರ್‌ಹ್ಯಾಮರ್ ಅನ್ನೋ ಇನ್ನೊಂದು ಗೊಂಬೆ ಯುದ್ಧದಾಟದಲ್ಲಿ ಟೂಂಬ್ ಕಿಂಗ್ಸ್ ಇದ್ದಾರಲ್ಲ, ಹಳೇ ಈಜಿಪ್ಟನ್ನು ಎತ್ತಿ ತಂದು ಎಲುಬಿಗೆ ತೊಡಿಸಿದ್ದು. 2015ರಲ್ಲಿ ಹಳೇ ವಾರ್‌ಹ್ಯಾಮರ್ ಲೋಕವನ್ನೇ ಮುಗಿಸಿ ಏಜ್ ಆಫ್ ಸಿಗ್ಮಾರ್ ತಂದಾಗ ಅವರೂ ಮೂಲೆ ಸೇರಿದರು. 2024ರಲ್ಲಿ ದಿ ಓಲ್ಡ್ ವರ್ಲ್ಡ್ ಆಟದ ಜೊತೆ ವಾಪಸ್ ಬಂದರು. ಸತ್ತು ಎದ್ದ ಪಡೆ ಅಂದರೆ ಅದು! ಪಿರಮಿಡ್ ಜಾಗದಲ್ಲಿ ನಮ್ಮ ಗುಮ್ಮಟ ಇಡು, ಮುಗೀತು.

ಹಾಲೇರಿ_ಹುಡುಗ
ಸ್ವಲ್ಪ ತಡೀರಿ. ಮಡಿಕೇರಿ ಗದ್ದುಗೆಯಲ್ಲಿ ಇರೋದು ದೊಡ್ಡವೀರರಾಜೇಂದ್ರ ಮತ್ತು ಲಿಂಗರಾಜೇಂದ್ರ. ಜನ ಕಥೆ ಕಟ್ಟೋದು ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮೇಲೆ, ಆತ ಇಲ್ಲಿ ಇಲ್ಲವೇ ಇಲ್ಲ. 1834ರಲ್ಲಿ ಬ್ರಿಟಿಷರು ಗಾದಿಯಿಂದ ಇಳಿಸಿದರು, ಕಾಶಿಗೆ ಕಳಿಸಿದರು, 1852ರಲ್ಲಿ ಇಂಗ್ಲೆಂಡಿಗೆ ಹೋದ. 1859ರಲ್ಲಿ ಲಂಡನ್‌ನಲ್ಲೇ ತೀರಿಕೊಂಡ.

ತುಕ್ಕುಕತ್ತಿ
ಲಂಡನ್‌ನಿಂದ ಸಮುದ್ರದ ತಳದಲ್ಲಿ ನಡೆದುಕೊಂಡು ವಾಪಸ್ ಬರ್ತಿರೋ ಅರಸ. ಆಯ್ತಲ್ಲ ಥೀಮ್! ಎಲ್ಲರ ಮೈಮೇಲೂ ಚಿಪ್ಪು, ಪಾಚಿ.

ಹಾಲೇರಿ_ಹುಡುಗ
ನಿಜವಾದ ಮನುಷ್ಯನನ್ನು ಹೆಸರು ಸಮೇತ ಹೆಣ ಮಾಡೋದು ನನಗೆ ಯಾಕೋ ಸರಿ ಕಾಣಲ್ಲ. ಅದಿರಲಿ, ಆತ ಲಂಡನ್‌ಗೆ ಹೋಗಿದ್ದು ಯಾಕೆ ಗೊತ್ತಾ? ಈಸ್ಟ್ ಇಂಡಿಯಾ ಕಂಪನಿ ಇಟ್ಟುಕೊಂಡಿದ್ದ ತನ್ನ ಹಣ ವಾಪಸ್ ಕೊಡಿ ಅಂತ ಕೇಸು ಹಾಕೋಕೆ. ನಮ್ಮ ಕೊಡಗಿನಲ್ಲಿ ಕೇಸು ಅನ್ನೋದು ಅಷ್ಟು ಹಳೇ ಕಾಯಿಲೆ.

ಬೇತಾಳ_ಬೆನ್ನಮೇಲೆ
ಯಾರೂ ಕೇಳದೆ ಇದ್ರೂ ಹೇಳ್ತೀನಿ. ನಮ್ಮ ಕಥೆಗಳಲ್ಲಿ ಹೆಣಕ್ಕೇನು ಬರವಾ? ಬೇತಾಳ ಇದೆ, ಬ್ರಹ್ಮರಾಕ್ಷಸ ಇದೆ, ಕೊಳ್ಳಿದೆವ್ವ ಇದೆ, ಪಾದ ಹಿಂದುಮುಂದಾದ ಮೋಹಿನಿ ಇದ್ದಾಳೆ. ಜಾಂಬಿ ಪಾದ ಕತ್ತರಿಸಿ ಹಿಂದಕ್ಕೆ ತಿರುಗಿಸಿ ಅಂಟಿಸಿದರೆ ಎರಡು ನಿಮಿಷದ ಕೆಲಸ, ನೋಡಿದವರ ಜೀವ ಝಲ್ ಅನ್ನುತ್ತೆ.

ಕೊಳ್ಳಿದೆವ್ವ ನನಗೆ ಅಚ್ಚುಮೆಚ್ಚು. ಪ್ರತಿಯೊಬ್ಬನ ಕೈಗೂ ಒಂದು ಕೊಳ್ಳಿ ಕೊಡು. ಮೈಯೆಲ್ಲ ಕತ್ತಲೆ ನೀಲಿ. ಕೊಳ್ಳಿ ಕಡೆಗಿರುವ ಕೆನ್ನೆ, ಪಕ್ಕೆಲುಬು, ಕತ್ತಿಯ ಅಂಚಿಗೆ ಮಾತ್ರ ಕಿತ್ತಳೆ. ಬೆಂಕಿಯ ನಡುವೆ ಹಳದಿ, ಹೊರಗೆ ಹೋದಂತೆ ಕೆಂಪು. ಉಲ್ಟಾ ಮಾಡಿದರೆ ಕ್ಯಾರೆಟ್ ಥರ ಕಾಣುತ್ತೆ, ನಾನು ಮಾಡಿದ್ದೀನಿ.

ತುಕ್ಕುಕತ್ತಿ
ಬೇತಾಳ ಹೆಣ ಅಲ್ವಾ? ಅದನ್ನೇ 20 ಮಾಡಿದ್ರೆ ಆಯ್ತು.

ಬೇತಾಳ_ಬೆನ್ನಮೇಲೆ
ಅಲ್ಲ. ಬೇತಾಳ ಹೆಣದೊಳಗೆ ಸೇರಿಕೊಳ್ಳೋದು. ವಿಕ್ರಮ ಮರದಿಂದ ಇಳಿಸಿ ಹೆಗಲ ಮೇಲೆ ಹೊತ್ತಿದ್ದು ಹೆಣ, ಒಳಗೆ ಕೂತು ಕಥೆ ಹೇಳಿದ್ದು ಬೇತಾಳ. ಅಂದರೆ ನಿನ್ನ ಪಡೆಯಲ್ಲಿ ಬೇತಾಳ ಒಬ್ಬನೇ, ಹೆಣ ಬದಲಾಗ್ತಾ ಇರುತ್ತೆ.

ಕಾಂಡಕೊರಕ (ಪೊನ್ನಂಪೇಟೆ)
ದೆವ್ವ ಭೂತ ಎಲ್ಲ ಬಿಡಿ, ತೋಟಕ್ಕೆ ಬನ್ನಿ. ನನ್ನ ಹೆಸರು ನೋಡಿ ಗೊತ್ತಾಗಿರಬೇಕು. ಬಿಳಿ ಕಾಂಡಕೊರಕ ದುಂಬಿ ಅರೇಬಿಕಾ ಕಾಫಿ ಗಿಡದ ತೊಗಟೆ ಬಿರುಕಿನಲ್ಲಿ ಮೊಟ್ಟೆ ಇಡುತ್ತೆ. ಮರಿಹುಳ ಒಳಗೊಳಗೇ ಸುರಂಗ ಕೊರೆಯುತ್ತೆ. ಗಿಡ ಮೇಲೆ ಹಸಿರಾಗೇ ಇರುತ್ತೆ, ಒಂದು ದಿನ ನೋಡಿದರೆ ಎಲೆ ಹಳದಿ. ನಿಂತಲ್ಲೇ ಸತ್ತಿರುತ್ತೆ. ಕಿತ್ತು ಸುಡೋದೊಂದೇ ದಾರಿ. ನಿನ್ನ 20 ಜಾಂಬಿಗೆ ಇದಕ್ಕಿಂತ ಒಳ್ಳೇ ಥೀಮ್ ಸಿಗುತ್ತಾ? ಚಿಕ್ಕ ಡ್ರಿಲ್‌ನಲ್ಲಿ ತೂತು ಹಾಕು, ಮೈಗೆ ತೊಗಟೆ ಬಣ್ಣ ಕೊಡು, ತೂತಿನ ಸುತ್ತ ಹುಳ ಕೊರೆದ ಪುಡಿ.

ಎಲುಬುಗೊಬ್ಬರ
ದಿನವಿಡೀ ತೋಟದಲ್ಲಿ ಅದನ್ನೇ ನೋಡಿ, ರಾತ್ರಿ ಬಂದು ಅದಕ್ಕೇ ಬಣ್ಣ ಹಚ್ಚೋದಾ? ನನ್ನಿಂದಾಗಲ್ಲ.

ಹಳೇಬ್ರಷ್ (ಮೈಸೂರು)
ಎಲ್ಲರೂ ಏನು ತೊಡಿಸೋಣ, ಯಾವ ಬಣ್ಣ ಅಂತಲೇ ಮಾತಾಡ್ತಿದ್ದೀರಿ. ಇಪ್ಪತ್ತು ವರ್ಷದಿಂದ ಗೊಂಬೆಗೆ ಬಣ್ಣ ಹಚ್ಚುತ್ತಿದ್ದೇನೆ, ನನಗೆ ಅನಿಸಿದ್ದು ಹೇಳ್ತೀನಿ. ಹೆಣದ ಪಡೆಗೆ ಕೇಳಬೇಕಾದ ಪ್ರಶ್ನೆ ಒಂದೇ: ಇವರು ಯಾಕೆ ಎದ್ದರು? ಡ್ವಾರ್ಫ್ ಯಾಕೆ ಬಂದ ಅಂತ ಯಾರೂ ಕೇಳಲ್ಲ. ಸತ್ತವನು ಎದ್ದರೆ ಕೇಳಲೇಬೇಕು.

ವಾರ್‌ಹ್ಯಾಮರ್‌ನ ಪಡೆಗಳನ್ನೇ ನೋಡಿ. ಫ್ಲೆಶ್ ಈಟರ್ ಕೋರ್ಟ್ಸ್‌ನವರು ಹೆಣ ತಿನ್ನುವ ಪಿಶಾಚಿಗಳು. ಆದರೆ ತಾವು ದೊಡ್ಡ ಆಸ್ಥಾನದ ಮರ್ಯಾದಸ್ಥ ವೀರರು ಅಂತಲೇ ಅವರ ನಂಬಿಕೆ. ಆಸಿಯಾರ್ಕ್ ಬೋನ್‌ರೀಪರ್ಸ್‌ನವರು ಊರೂರಿಗೆ ಹೋಗಿ ಎಲುಬಿನ ಕಂದಾಯ ವಸೂಲಿ ಮಾಡ್ತಾರೆ. ಕಾರಣ ಒಂದು ಸಿಕ್ಕರೆ ಕೈಯಲ್ಲಿ ಏನಿರಬೇಕು, ಹೇಗೆ ನಿಲ್ಲಬೇಕು, ಬೇಸ್ (ಗೊಂಬೆ ನಿಲ್ಲುವ ಅಡಿಹಲಗೆ) ಮೇಲೆ ಏನು ಬಿದ್ದಿರಬೇಕು ಎಲ್ಲ ತಾನಾಗೇ ಬರುತ್ತೆ. ಕಾರಣ ಇಲ್ಲದಿದ್ದರೆ 20ನೇ ಅಸ್ಥಿಪಂಜರಕ್ಕೆ ನಿನಗೆ ಬೇಜಾರು ಬಂದು ಪೆಟ್ಟಿಗೆ ಮತ್ತೆ ಅಟ್ಟಕ್ಕೆ.

ಪೋಡಿ_ಆಗಿಲ್ಲ (ವಿರಾಜಪೇಟೆ)
ಖಾತೆ ಆಗಿಲ್ಲ ಅಂತ ಎದ್ದರು.

ತುಕ್ಕುಕತ್ತಿ
😂😂😂

ಗೋಣಿಕೊಪ್ಪದ_ಅಕ್ಕ
ಅಯ್ಯೋ ದೇವರೇ.

ಕಾಂಡಕೊರಕ
ಮುಗೀತು. ಇನ್ನು ಯಾರೂ ಮಾತಾಡಬೇಡಿ. ಇದೇ.

ಹಳೇಬ್ರಷ್
ಅರ್ಥ ಆಗಲಿಲ್ಲ. ಕೊಡಗಿನವರು ಮಾತ್ರ ನಗ್ತಿದ್ದೀರಿ.

ಪೋಡಿ_ಆಗಿಲ್ಲ
ಸರ್, ನಮ್ಮಲ್ಲಿ ಜಮ್ಮಾ ಬಾಣೆ ಅಂತ ಇದೆ. ಅರಸರ ಕಾಲದಿಂದ ವಂಶಕ್ಕೆ ಬಂದ ಭೂಮಿ. ಕಾಗದದಲ್ಲಿ ಪಟ್ಟೇದಾರ ಅಂತ ಒಕ್ಕದ (ಮನೆತನದ) ಹಿರಿಯನೊಬ್ಬನ ಹೆಸರು ಇರುತ್ತೆ. ಆತ ತೀರಿಕೊಂಡು ಎರಡು ತಲೆಮಾರು ಕಳೆದಿದ್ದರೂ ಎಷ್ಟೋ ಕಡೆ ಆರ್‌ಟಿಸಿಯಲ್ಲಿ ಹೆಸರು ಅದೇ. ತೋಟ ಮಾಡ್ತಿರೋದು ಮೊಮ್ಮಗ, ಸಾಲ ಬೇಕಿರೋದು ಮೊಮ್ಮಗನಿಗೆ, ಕಾಗದದಲ್ಲಿ ಮಾತ್ರ ಮುತ್ತಾತ ಗಟ್ಟಿಮುಟ್ಟಾಗಿ ಇದ್ದಾನೆ. ಸರ್ಕಾರದ ಲೆಕ್ಕದಲ್ಲಿ ಬದುಕಿರುವ ಸತ್ತವನು. ಮಾಂತ್ರಿಕನೇ ಬೇಕಿಲ್ಲ.

ಹಳೇಬ್ರಷ್
ಈಗ ನಾನೂ ನಗ್ತಿದ್ದೀನಿ. ಇದು ಕಾರಣ ಅಂದ್ರೆ.

ಎಲುಬುಗೊಬ್ಬರ
ಅಸ್ಥಿಪಂಜರದ ಕೈಯಿಂದ ಈಟಿ ಕಿತ್ತು ಅಳತೆ ಸರಪಳಿ ಕೊಡು. ಹಳೇ ಚೈನಿನ ಚೂರು ಸಾಕು. ಬಾವುಟದ ಜಾಗದಲ್ಲಿ ಸರ್ವೆ ನಕ್ಷೆ. ಬೇಸ್ ಮೇಲೆ ಗಡಿಕಲ್ಲು, ಅದರ ಮೇಲೆ ನಂಬರ್. ಗುರಾಣಿ ಅಂದ್ರೆ ರಬ್ಬರ್ ಸ್ಟ್ಯಾಂಪ್!

ತುಕ್ಕುಕತ್ತಿ
ಮಾಂತ್ರಿಕ ಶ್ಯಾನುಭೋಗ.

ಬೇತಾಳ_ಬೆನ್ನಮೇಲೆ
ನಮ್ಮ ಅಜ್ಜ ಶ್ಯಾನುಭೋಗರಾಗಿದ್ದರು ಸ್ವಾಮಿ. ಪಾರುಪತ್ಯಗಾರ ಅಂತ ಮಾಡಿ, ಕಂದಾಯದಲ್ಲಿ ಆ ಹಳೇ ಹುದ್ದೆಯೇ ಈಗ ಇಲ್ಲ, ಯಾರಿಗೂ ಬೇಜಾರಾಗಲ್ಲ. ಅಥವಾ ನನ್ನ ಬ್ರಹ್ಮರಾಕ್ಷಸನನ್ನು ಇಟ್ಟುಕೊಳ್ಳಿ. ಓದಿದ್ದೆಲ್ಲ ತಲೆಯಲ್ಲಿದೆ, ಯಾರಿಗೂ ಹೇಳಿಕೊಡಲ್ಲ. ಕಚೇರಿಗೆ ಹೇಳಿ ಮಾಡಿಸಿದ ಜೀವ.

ಗೋಣಿಕೊಪ್ಪದ_ಅಕ್ಕ
ನಗು ಬಂತು, ಒಪ್ಪಿಕೊಂಡೆ. ಆದರೂ ಒಂದು ಮಾತು. ಪಟ್ಟೇದಾರ ಅಂದ್ರೆ ಮತ್ತೆ ನಮ್ಮ ಒಕ್ಕದ ಹಿರಿಯನೇ ಆದ. ಮುಂಬಾಗಿಲಿನಿಂದ ಬೇಡ ಅಂದಿದ್ದನ್ನು ಹಿತ್ತಲಿನಿಂದ ತರಬೇಡಿ.

ಪೋಡಿ_ಆಗಿಲ್ಲ
ಅಕ್ಕ, ಅವರನ್ನು ಪಡೆಗೆ ಸೇರಿಸೋದೇ ಬೇಡ. ಹಿರಿಯರು ಕೈಮಡದಲ್ಲಿ ನೆಮ್ಮದಿಯಾಗಿ ಇರಲಿ. ಎದ್ದಿರೋದು ಕಡತ ಇಟ್ಟುಕೊಂಡವರು. ಗುಮಾಸ್ತ, ಜವಾನ, ಸರಪಳಿ ಹಿಡಿಯುವವ, ನಕಲು ಬರೆಯುವವ, ಅರ್ಜಿ ಬರೆದುಕೊಡುವವ. ಸಹಿ ಹಾಕೋದು ಒಂದು ಬಾಕಿ ಇತ್ತು, ಅಷ್ಟರಲ್ಲಿ ಸತ್ತರು. ಸಹಿ ಹಾಕಿದ ಮೇಲೇ ಮಲಗೋದು.

ಗೋಣಿಕೊಪ್ಪದ_ಅಕ್ಕ
ಇದು ಸರಿ. ಇವರನ್ನು ಎಷ್ಟು ಬೇಕಾದರೂ ಕುಣಿಸಿ.

ಮಕ್ಕಂದೂರು_ಕಡೆಯವ
ಕಿಂಗ್ಸ್ ಆಫ್ ವಾರ್ ಅಂದೆಯಲ್ಲ, ಈ ಥೀಮ್ ಅದರ ನಿಯಮಕ್ಕೇ ಕೂತುಕೊಳ್ಳುತ್ತೆ, ಗಮನಿಸಿದಿರಾ? ಅಸ್ಥಿಪಂಜರಗಳಿಗೆ ಶ್ಯಾಂಬ್ಲಿಂಗ್ ಅಂತ ಒಂದು ನಿಯಮ. ದುಪ್ಪಟ್ಟು ವೇಗದಲ್ಲಿ ಹೋಗೋ ಹಾಗಿಲ್ಲ. ಮಾಂತ್ರಿಕ ಸರ್ಜ್ ಮಂತ್ರ ಹಾಕಿದರೆ ಮಾತ್ರ ನಾಲ್ಕು ಹೆಜ್ಜೆ ಹೆಚ್ಚಿಗೆ ಮುಂದೆ ಹೋಗ್ತವೆ. ಕಡತವೂ ಹಾಗೇ ಅಲ್ವಾ, ಮೇಲಿನವರು ತಳ್ಳಿದರೇ ಹೋಗೋದು.

ಇನ್ನೊಂದು. ಆ ಆಟದಲ್ಲಿ ಪೆಟ್ಟು ಬಿದ್ದಾಗ ಒಂದೊಂದೇ ಗೊಂಬೆ ತೆಗೆಯಲ್ಲ. ಪೆಟ್ಟಿನ ಲೆಕ್ಕ ಏರ್ತಾ ಹೋಗುತ್ತೆ, ಗುಂಪು ಹಾಗೇ ನಿಂತಿರುತ್ತೆ, ಹೋದರೆ ಪೂರ್ತಿ ಒಟ್ಟಿಗೆ ಹೋಗುತ್ತೆ. ಅಂದ್ರೆ ಸಾಲು ಕರಗೋದೇ ಇಲ್ಲ.

ಹಳೇಬ್ರಷ್
ಬಂಗಾರದಂಥ ಮಾತು. ಗೊಂಬೆ ತೆಗೆಯೋದಿಲ್ಲ ಅಂದಮೇಲೆ ಒಂದೊಂದಕ್ಕೆ ಬೇರೆ ಬೇಸ್ ಯಾಕೆ? 20 ಜನರ ರೆಜಿಮೆಂಟಿಗೆ 100 ಗುಣಿಸು 80 ಮಿಲಿಮೀಟರ್ ಹಲಗೆ ಒಂದು ಕತ್ತರಿಸಿಕೋ, ಅದರ ಮೇಲೆ ಪೂರ್ತಿ ದೃಶ್ಯ ಕಟ್ಟು. ಕಚೇರಿ ವರಾಂಡ, ಒಂದು ಬೆಂಚು, ಕಿಟಕಿ, ಸಾಲು. ಎಣಿಸಿ 20 ನಿಲ್ಲಿಸಬೇಕಂತಲೂ ಇಲ್ಲ, ಜಾಗ ತುಂಬಿದಂತೆ ಕಂಡರೆ ಆಯ್ತು. ಉಳಿದ ಎಲುಬು ಬೆಂಚಿನ ಕೆಳಗೆ ಮಲಗಿರಲಿ, ಬೆಳಗ್ಗೆ ಐದಕ್ಕೆ ಬಂದು ಜಾಗ ಹಿಡಿದವನು.

ಕಾಂಡಕೊರಕ
ನಮ್ಮದು ಪೋಡಿಗೆ (ಜಮೀನು ಅಳೆದು ಪಾಲು ಬೇರೆ ಮಾಡೋಕೆ) ಅರ್ಜಿ ಕೊಟ್ಟು ಆರು ವರ್ಷ ಆಯ್ತು. ಮೊದಲ ಸಲ ಅಳತೆಗೆ ಬಂದಾಗ ಜೋರು ಮಳೆ, ಎರಡನೇ ಸಲ ಪಕ್ಕದ ತೋಟದವರು ಇರಲಿಲ್ಲ, ಮೂರನೇ ಸಲ

ಎಲುಬುಗೊಬ್ಬರ
ನಿಮ್ಮದು ಆರು. ನಮ್ಮ ಚಿಕ್ಕಪ್ಪನದು ಹನ್ನೊಂದು.

ಪೋಡಿ_ಆಗಿಲ್ಲ
ನನ್ನ ಹೆಸರು ನೋಡಿ, ಆಮೇಲೆ ಮಾತಾಡಿ.

ವೇದಿಕೆ_ಕಾವಲು
ದಯವಿಟ್ಟು ಗೊಂಬೆಗೆ ವಾಪಸ್ ಬನ್ನಿ. ಕಂದಾಯದ ಗೋಳಿಗೆ ಬೇರೆ ಎಳೆ ತೆರೆದಿದ್ದೇನೆ.

ಮಳೆಗಾಲದ_ಡೈಸ್
ನಾನು ಊಟ ಮುಗಿಸಿ ಬರೋಷ್ಟರಲ್ಲಿ ಇಷ್ಟೆಲ್ಲಾ! ಥೀಮ್ ಗಟ್ಟಿ ಆಯ್ತು. ಈಗ ಸಾಮಾನಿನ ಮಾತು. ಕಡತ, ಕಾಗದದ ಸುರುಳಿ ಯಾವುದರಲ್ಲಿ ಮಾಡಲಿ? ಮಾಮೂಲಿ ಪೇಪರ್ ಕತ್ತರಿಸಿ ಅಂಟಿಸಿದೆ, ಈ ಅಳತೆಗೆ ಹಲಗೆ ಥರ ದಪ್ಪ ಕಾಣುತ್ತೆ. ಬೇಸಿಗೆ ಮಣ್ಣಿನ ಬದಲು ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟ ಹಾಕಬಹುದಾ? ಇನ್ನೊಂದು, ಪ್ರೈಮರ್ ಸ್ಪ್ರೇ ಹೊಡೆದ ನಾಲ್ಕು ಗೊಂಬೆ ಮೇಲೆ ಸೀಮೆಸುಣ್ಣದ ಪುಡಿ ಹಾಗೆ ಕೂತಿದೆ.

ಹಳೇಬ್ರಷ್
ಜುಲೈನಲ್ಲಿ ಮಡಿಕೇರಿಯಲ್ಲಿ ಸ್ಪ್ರೇ ಹೊಡೆದೆಯಾ? ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಹಾಗೇ ಆಗೋದು. ಮಳೆ ನಿಲ್ಲೋವರೆಗೆ ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ ತೆಗೆದುಕೋ, ತೆಳ್ಳಗೆ ಎರಡು ಸಲ. ಹಾಳಾದ ನಾಲ್ಕನ್ನು ಎಸೆಯಬೇಡ. ಆ ಧೂಳು ಹಾಗೇ ಇರಲಿ, ಅವು ದಾಖಲೆ ಕೋಣೆಯಿಂದ ಬಂದವರು.

ಎಲುಬಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡ. ತಿಳಿ ಕೆನೆ ಬಣ್ಣ, ಮೇಲೆ ನೀರಾದ ಕಂದು ವಾಷ್. ಪೂರ್ತಿ ಒಣಗಿದ ಮೇಲೆ ಒಣ ಬ್ರಷ್‌ನಲ್ಲಿ ಮತ್ತೆ ಕೆನೆ ಸವರು. ಒಂದು ಸಂಜೆಗೆ ಹತ್ತು ಮುಗಿಯುತ್ತೆ. ಸಮಯವನ್ನೆಲ್ಲ ಕಡತಕ್ಕೆ ಇಟ್ಟುಕೋ, ಜನ ನೋಡೋದು ಅದನ್ನೇ.

ಕಾಂಡಕೊರಕ
ಕಾಗದಕ್ಕೆ ನನ್ನ ಹತ್ತಿರ ಉತ್ತರ ಇದೆ. ಪಾರ್ಚ್‌ಮೆಂಟ್ ಕಾಫಿ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು) ಬೀಜದ ಮೇಲಿನ ಹೊಟ್ಟು ತಗೋ. ತೆಳ್ಳಗೆ, ಹಳದಿ ಬಿಳಿ, ತಾನಾಗೇ ಸುರುಳಿ ಸುತ್ತಿಕೊಂಡಿರುತ್ತೆ. ಒಂದು ಹೊಟ್ಟು, ಒಂದು ಹಳೇ ದಸ್ತಾವೇಜು. ಬಣ್ಣವೂ ಬೇಡ, ಕಂದು ವಾಷ್ ಒಂದು ಸಲ ಮುಟ್ಟಿಸಿದರೆ ನೂರು ವರ್ಷ ಹಳೇದು. ಅಂಟಿಸೋಕೆ ಫೆವಿಕಾಲ್ ಸಾಕು. ಫೆವಿಕ್ವಿಕ್ ಹಾಕಿದರೆ ಬೆರಳಿಗೇ ಅಂಟುತ್ತೆ.

ಬೇತಾಳ_ಬೆನ್ನಮೇಲೆ
ಕಾಫಿ ಚರಟ ಹಾಕಬಹುದು, ಆದರೆ ಚೆನ್ನಾಗಿ ಒಣಗಬೇಕು. ನಾನು ಹಸಿಹಸಿ ಹಾಕಿ ಕಪಾಟಿನಲ್ಲಿಟ್ಟೆ. ಎರಡು ವಾರಕ್ಕೆ ಹತ್ತು ಗೊಂಬೆಯ ಕಾಲಿಗೂ ಬಿಳಿ ಬೂಸ್ಟು ಬಂದಿತ್ತು. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಆರಿಸಿ, ಆಮೇಲೆ ಹಾಕು. ಮೇಲೊಂದು ನೀರು ಬೆರೆಸಿದ ಫೆವಿಕಾಲ್.

ತುಕ್ಕುಕತ್ತಿ
ಹೆಣಕ್ಕೆ ಬೂಸ್ಟು ಬಂದರೆ ಒಳ್ಳೇದೇ ಅಲ್ವಾ?

ಬೇತಾಳ_ಬೆನ್ನಮೇಲೆ
ವಾಸನೆ ಬಂತು ಮಾರಾಯ. ಹೆಂಡತಿ ಪಡೆ ಸಮೇತ ನನ್ನನ್ನೂ ಜಗುಲಿಗೆ ಹಾಕಿದಳು.

ಗೋಣಿಕೊಪ್ಪದ_ಅಕ್ಕ
ಬಣ್ಣದ ಬಗ್ಗೆ ನನ್ನದೊಂದು. ಕಡತ ಕಟ್ಟುವ ಬಟ್ಟೆ ಕೆಂಪು, ಅದು ಇರಲಿ. ಇನ್ನೊಂದು ಬಣ್ಣ ಬೇಕು ಅಂದ್ರೆ ನೇರಳೆ. ಸ್ಟ್ಯಾಂಪಿನ ಶಾಯಿ ನೇರಳೆ ಅಲ್ವಾ? ಕಕ್ಕಡ ಪದಿನೆಟ್ಟಿಗೆ (ಕಕ್ಕಡ ತಿಂಗಳ 18ನೇ ದಿನ) ಮದ್ದುಸೊಪ್ಪಿನ ಪಾಯಸ ಮಾಡಿದರೆ ಪಾತ್ರೆಗೆಲ್ಲ ಅದೇ ಬಣ್ಣ. ಆಗಸ್ಟ್ 3ಕ್ಕೆ ಒಂದು ಲೋಟ ಎತ್ತಿಟ್ಟುಕೊಂಡು ಅದನ್ನೇ ನೋಡಿ ಬಣ್ಣ ಕಲಸಿ. ಕಣ್ಣಿಗೆ, ಬೆರಳ ತುದಿಗೆ, ಮಂತ್ರದ ಹೊಗೆಗೆ.

ಮಳೆಗಾಲದ_ಡೈಸ್
ಅಕ್ಕ, ಇದು ಸಿಕ್ಸರ್. ಹೆಬ್ಬೆರಳಿಗೆ ಮಾತ್ರ ನೇರಳೆ ಹಚ್ತೀನಿ. 60 ಜನರದ್ದೂ ಹೆಬ್ಬೆಟ್ಟು.

ತುಕ್ಕುಕತ್ತಿ
ಹಸಿರು ಕಣ್ಣಿಗೆ ನ್ಯಾಯ ಸಿಗಲಿಲ್ಲ.

ಹಾಲೇರಿ_ಹುಡುಗ
ಟೆರೇನ್‌ಗೆ, ಅಂದರೆ ಮೇಜಿನ ಮೇಲಿನ ರಣರಂಗಕ್ಕೆ, ಒಂದು ಮಾತು. ಗುಮ್ಮಟ ಬೇಡವಾದರೆ ಕಡಂಗ ಮಾಡು. ಹಳೇ ಕಾಲದ ಯುದ್ಧದ ಕಂದಕ, ಪಕ್ಕದಲ್ಲಿ ಮಣ್ಣಿನ ದಿಬ್ಬ. ಎಷ್ಟೋ ತೋಟಗಳ ನಡುವೆ ಇನ್ನೂ ಇದೆ. ಥರ್ಮೋಕೋಲ್ ಎರಡು ಪದರ ಇಟ್ಟು ನಡುವೆ ಕೊರೆದರೆ ಆಯ್ತು. ಆಟದಲ್ಲಿ ಅಡ್ಡ ನಿಲ್ಲೋಕೂ ಬರುತ್ತೆ. ಮೇಲೆ ಕಾಳುಮೆಣಸಿನ ಒಣ ಗೊಂಚಲು ಕಡ್ಡಿ ನೆಟ್ಟರೆ ಸತ್ತ ಗಿಡ ರೆಡಿ.

ಎಲುಬುಗೊಬ್ಬರ
ಕಡಂಗ ಯಾರ ಸರ್ವೆ ನಂಬರಿಗೆ ಬರುತ್ತೆ ಅಂತ ಮೊದಲು ತೀರ್ಮಾನ ಆಗಲಿ.

ವೇದಿಕೆ_ಕಾವಲು
ಬೇರೆ ಎಳೆ ಇದೆ ಅಂದೆ.

ಮಳೆಗಾಲದ_ಡೈಸ್
(ನವೆಂಬರ್) ಎಳೆಯನ್ನು ಮತ್ತೆ ಎತ್ತುತ್ತಿದ್ದೇನೆ, ಸುದ್ದಿ ಇದೆ. ಒಂದು ರೆಜಿಮೆಂಟ್ ಪೂರ್ತಿ, ಇನ್ನೊಂದು ಅರ್ಧ. ಮೊದಲ ಪದರ ಬಣ್ಣಕ್ಕೇ ನಿಂತಿದ್ದ ಜಾಂಬಿಗಳು ಈಗ ಅರ್ಜಿದಾರರು, ಕಂಕುಳಲ್ಲಿ ಪ್ಲಾಸ್ಟಿಕ್ ಕವರ್. ಅದಕ್ಕೆ ಬಿಸ್ಕತ್ ಪೊಟ್ಟಣದ ಒಳಗಿನ ಹಾಳೆ ಚೆನ್ನಾಗಿ ಬಂತು. ಮಾಂತ್ರಿಕನ ಕೋಲಿನ ತುದಿಯ ತಲೆಬುರುಡೆ ಕತ್ತರಿಸಿ ಎಂ ಸೀಲ್‌ನಲ್ಲಿ ಸ್ಟ್ಯಾಂಪ್ ಮಾಡಿದೆ, ಅದು ಗಟ್ಟಿಯಾಗುವ ಮೊದಲೇ ಒಮ್ಮೆ ಕೆಳಗೆ ಬಿದ್ದು ಸೊಟ್ಟ ಆಯ್ತು. ಸೊಟ್ಟ ಸ್ಟ್ಯಾಂಪೇ ಚೆಂದ ಅಂತ ಬಿಟ್ಟೆ. ಪಾರ್ಚ್‌ಮೆಂಟ್ ಹೊಟ್ಟಿನ ಐಡಿಯಾಗೆ ಕಾಂಡಕೊರಕಣ್ಣನಿಗೆ ಒಂದು ಪೆಗ್ ಬಾಕಿ.

ನಿನ್ನೆ ಅಪ್ಪ ಬಂದು ಮೇಜಿನ ಹತ್ತಿರ ನಿಂತರು. ಸಾಮಾನ್ಯವಾಗಿ ಈ ಗೊಂಬೆ ಕಡೆ ತಿರುಗಿಯೂ ನೋಡಲ್ಲ. ಕನ್ನಡಕ ಹಾಕಿಕೊಂಡು, ಬಗ್ಗಿ, ಬೇಸಿನ ಗಡಿಕಲ್ಲನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ: "ಈ ನಂಬರ್ ನಮ್ಮದಲ್ಲ, ಪಕ್ಕದವರದ್ದು. ಯಾಕೆ ಹಾಕಿದೆ?"

ಪೋಡಿ_ಆಗಿಲ್ಲ
ಅಳಿಸಬೇಡ. ತಿದ್ದುಪಡಿಗೆ ಅರ್ಜಿ ಕೊಡು.